ಮೂರನೇ ಚುಕ್ಕಿ

ಹೊಸಪೇಟೆಯ ಒಂದು ಆಸ್ಪತ್ರೆಯಲ್ಲಿ ಉಸಿರಿನ ಪರೀಕ್ಷೆಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಅಪ್ಪ, ಮಗಳು. ಕಿವಿ ಕೊಡಬಾರದಿತ್ತು, ಕೊಟ್ಟೆ.

"ಹಳೇ ರಿಪೋರ್ಟಿನ ಮ್ಯಾಲ ಏನ್ ಬರಿಯಾಕತ್ತೀ, ಅಂಜಲಿ?"

"ಸರಳರೇಖೆ ಸಮೀಕರಣ ಅಪ್ಪ. ಎರಡು ಚುಕ್ಕಿ ಇದ್ರ ಸಾಕು, ಗೆರಿ ಸಿಗತೈತಿ."

"ಯಾವ ಚುಕ್ಕಿ?"

"ಹೋದ ಯುಗಾದಿಗೆ ನಿನ್ನ ಉಸಿರು ನೂರಕ್ಕ ಅರವತ್ತೆಂಟು ಇತ್ತು. ದಸರಾಕ್ಕ ಅರವತ್ತು."

"ದಸರಾಕ್ಕ ಗಣಿ ಕೆಲಸ ಬಿಟ್ಟೆ, ಆರು ತಿಂಗಳಾತಲ್ಲ. ಈಗ ಧೂಳು ಎಲ್ಲೈತಿ?"

"ಅದಕ್ಕ ಇವತ್ತಿನ ಚುಕ್ಕಿ ಗೆರಿಗಿಂತ ಮ್ಯಾಲ ಬರಬೇಕು."

"ಗೆರಿ ಎಷ್ಟು ಅಂತೈತಿ?"

"ಐವತ್ತೆರಡು. ಯಾವ ತಿಂಗಳು ಹಾಕಿದ್ರೂ ಸಮೀಕರಣ ಉತ್ತರ ಕೊಡತೈತಿ."

ಒಳಗಿನಿಂದ ಯಾರೋ "ಉಚ್ಚೆಂಗೆಪ್ಪ" ಎಂದು ಕರೆದರು. ಅವಳ ಅಪ್ಪ ಗೋಡೆ ಹಿಡಿದುಕೊಂಡು ಒಳಗೆ ಹೋದರು. ಕೊಳವೆಗೆ ಊದಿ ಊದಿ ಕೆಮ್ಮುವ ಸದ್ದು ನಮ್ಮ ತನಕ ಬಂತು. ಹುಡುಗಿ ಪೆನ್ನಿನ ಮುಚ್ಚಳವನ್ನು ತೆಗೆಯುತ್ತ, ಹಾಕುತ್ತ ಕೂತಿದ್ದಳು. ಅವರು ಬಾಗಿಲಲ್ಲಿ ಕಂಡೊಡನೆ ಎದ್ದಳು.

"ಎಷ್ಟಪ್ಪ?"

"ಐವತ್ತೆರಡು ಅಂದ್ರು. ನಿನ್ನ ಲೆಕ್ಕ ಸರಿ ಐತಿ ಬಿಡು."

ಅವಳು ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿದಳು.

"ಇನ್ನೊಂದು ಹಾಕವ್ವ. ನೀನು ಎರಡನೇ ಪಿಯುಸಿ ಮುಗಿಸೋ ಹೊತ್ತಿಗೆ ಎಷ್ಟಿರತೈತಿ?"

"ಅದನ್ನ ನಮಗ ಇನ್ನಾ ಕಲಿಸಿಲ್ಲಪ್ಪ."

"ಹೌದಾ? ಹಂಗಾರ ಬ್ಯಾಡ ಬಿಡು. ನಡಿ, ಸಂಡೂರು ಬಸ್ಸು ಹೋಗಿಬಿಡತೈತಿ."

ಬಸ್ಸಿಗೆ ಅವಸರವಿತ್ತು. ಆದರೂ ಅವಳು ಅಪ್ಪನ ಜೊತೆ ಮೂರು ಮೆಟ್ಟಿಲಿಗೊಮ್ಮೆ ನಿಂತು, ಇಳಿದುಹೋದಳು.