ಸೈಲೆನ್ಸರ್ ಪೆಟ್ಟಿಗೆಯ ಊಟ

ಆ ದೀಪ ಸ್ವಲ್ಪ ಸಣ್ಣದು ಮಾಡಿ. ಇದು ಬೆಳಕಲ್ಲಿ ಕೂತು ಹೇಳೋ ವಿಷಯ ಅಲ್ಲ. ನಮ್ಮ ಬೇಲಿಯ ಆಚೆ ಮನೆಯ ಟೂರೆಗೆ ಆಗಿದ್ದು ಇದು. ಕಟ್ಟುಕತೆ ಅನ್ನೋರು ಅವನ ಮುಖ ಒಂದ್ಸಲ ನೋಡಿಕೊಂಡು ಬರಲಿ, ಆಮೇಲೆ ಮಾತಾಡೋಣ.

ಕ್ರಿಸ್‌ಮಸ್‌ಗೆ ಮುಂಚಿನ ದಿನಗಳು. ಉತ್ತರದ ತುದಿಯಲ್ಲಿರೋ ನಮ್ಮ ಟೋರ್ನೆ ಹೊಳೆಯ ಈ ಕಡೆ ಆಗ ಸೂರ್ಯ ಮೇಲೆ ಬರೋದೇ ಇಲ್ಲ. ಮಧ್ಯಾಹ್ನದ ಕಾಫಿ ಹೊತ್ತಿಗೇ ಗವ್ವೆನ್ನೋ ಕತ್ತಲು. ಟೂರೆ ಅಂಗಡಿಯಿಂದ ಮನೆಗೆ ಬರ್ತಿದ್ದ. ನಡೆದುಕೊಂಡು. ಹೆಪ್ಪುಗಟ್ಟಿದ ಉದ್ದಕೆರೆಯ ಮೇಲೆ ಊರಿಗೆ ಊರೇ ಮೋಟಾರು ಹಿಮಗಾಡಿಯಲ್ಲಿ ಭರ್ರಂತ ಓಡಾಡುವಾಗ ಇವನೊಬ್ಬ ಚೀಲ ಹೆಗಲಿಗೆ ಹಾಕಿಕೊಂಡು ಕಾಲೆಳೆಯುತ್ತಾ ಹೋಗ್ತಿದ್ದ. ಈ ಚಳಿಗಾಲ ಬಂದಮೇಲೆ ಅವನು ಗಾಡಿ ಮುಟ್ಟಿರಲಿಲ್ಲ. ಯಾಕೆ ಅಂತ ಎಲ್ಲರಿಗೂ ಗೊತ್ತಿತ್ತು. ಯಾರೂ ಕೇಳ್ತಿರಲಿಲ್ಲ. ಕೇಳಿ ನಾಲ್ಕು ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗ್ತಿತ್ತು.

ಕೆರೆಯ ನಡುವೆ, ಮಂಜುಗಡ್ಡೆ ಕೊರೆದು ಮಾಡಿದ ನೀರಿನ ಬಾವಿ ಇದೆ. ಸುತ್ತ ಕಡ್ಡಿ ನೆಟ್ಟು, ಮೇಲೆ ಹಲಗೆ ಮುಚ್ಚಿರ್ತಾರೆ. ಅದರ ಹತ್ತಿರ ಬಂದಿದ್ದ ಅಷ್ಟೇ... ಹಿಂದಿನಿಂದ ಸದ್ದು.

ಟಕ್... ಟಕ್-ಟಕ್... ಟಕ್. ನಡುವೆ ಒಂದು ಏಟು ತಪ್ಪುತ್ತೆ. ಮತ್ತೆ ಟಕ್-ಟಕ್.

ಪ್ಲಗ್ ಸರಿ ಇಲ್ಲದ ಹಳೇ ಗಾಡಿ. ಹಾಗೆ ಸದ್ದು ಮಾಡೋ ಗಾಡಿ ಈ ಸೀಮೆಯಲ್ಲಿ ಇದ್ದಿದ್ದು ಒಂದೇ. ಅದು ವಾಲ್‌ಫ್ರಿಡ್‌ನದು. ವಾಲ್‌ಫ್ರಿಡ್ ಹೋದ ಏಪ್ರಿಲ್‌ನಲ್ಲೇ ಸತ್ತಿದ್ದ. ನೀರಿನಿಂದ ಮೇಲೆತ್ತಿದ ಗಾಡಿ ಅವನ ಹೆಂಡತಿ ಎಲ್ವಿಯ ಕೊಟ್ಟಿಗೆಯಲ್ಲಿ ಬಿದ್ದಿತ್ತು, ಎಂಜಿನ್ ಬಿಚ್ಚಿ ಪಕ್ಕಕ್ಕಿಟ್ಟು.

ಟೂರೆ ತಿರುಗಲಿಲ್ಲ. ಗಾಡಿಯ ದೀಪ ಅವನ ಮುಂದೆ ಹಿಮದ ಮೇಲೆ ಬೀಳಬೇಕಿತ್ತು. ಬೀಳಲಿಲ್ಲ. ಸದ್ದು ಹತ್ತಿರ ಬಂತು... ಬೆನ್ನ ಹಿಂದೆಯೇ ಬಂತು... ನಿಂತಿತು. ಹಲಗೆಯ ಕೆಳಗೆ ನೀರು ಗುಳುಕ್ ಅಂತು. ಆಮೇಲೆ ಕಿವಿಯ ಪಕ್ಕದಲ್ಲೇ, ಪಿಸುಮಾತು...

"ಟೂರೆ... ಊಟ ಆಯ್ತಾ?"

ಬೆದರಿಕೆ ಅಲ್ಲ. ಬೈಗುಳ ಅಲ್ಲ. ಜೊತೆಯವರು ದಿನಾ ಕೇಳೋ ಮಾತು. ಟೂರೆ ಚೀಲ ಅಲ್ಲೇ ಬಿಸಾಕಿ ಓಡಿದ. ಮನೆಗೆ ಬಂದು ಚಿಲಕ ಹಾಕಿ, ಬೂಟು ಕೂಡ ಬಿಚ್ಚದೆ, ಮುಖ ಮುಚ್ಚಿಕೊಂಡು ಕೂತ. ಭಯ ಅನ್ನೋದು ಸ್ವಲ್ಪ ಹೊತ್ತಿಗೆ ಇಳಿಯಿತು. ನಾಚಿಕೆ ಇಳಿಯಲಿಲ್ಲ. ಯಾಕಂದ್ರೆ ಅವನ ಹತ್ತಿರ ಇದ್ದ ಉತ್ತರ ಒಂದೇ... ಆಯ್ತು. ನಂದೂ ಆಯ್ತು, ನಿಂದೂ ಆಯ್ತು.

ನಮ್ಮವರು ಬೆಟ್ಟಕ್ಕೆ ಹೊರಟರೆ ಊಟ ಬೇಯೋದು ಗಾಡಿಯ ಎಂಜಿನ್ ಬಿಸಿಯಲ್ಲೇ. ಸೈಲೆನ್ಸರ್ ಮೇಲೆ ಒಂದು ತಗಡಿನ ಪೆಟ್ಟಿಗೆ ಕೂರಿಸಿರ್ತಾರೆ. ಸಾರಂಗದ ಮಾಂಸ, ಆಲೂಗೆಡ್ಡೆ, ಈರುಳ್ಳಿ, ಒಂದು ಮುದ್ದೆ ಬೆಣ್ಣೆ, ಎಲ್ಲ ಸೇರಿಸಿ ಫಾಯಿಲ್‌ನಲ್ಲಿ ಎರಡು ಸುತ್ತು ಸುತ್ತಿ ಒಳಗಿಟ್ಟು, ನಡುದಾರಿಯಲ್ಲಿ ಒಮ್ಮೆ ಮಗುಚಿದರೆ ಸಾಕು. ಬೆಟ್ಟದ ತಂಗುಮನೆ ಮುಟ್ಟೋ ಹೊತ್ತಿಗೆ ಹದವಾಗಿ ಬೆಂದಿರುತ್ತೆ. ಟೂರೆ ತಾನೇ ವೆಲ್ಡ್ ಮಾಡಿಕೊಂಡಿದ್ದ ಪೆಟ್ಟಿಗೆ ದೊಡ್ಡದು, ಎಲ್ಲರ ಪೊಟ್ಟಣವೂ ಅದರಲ್ಲೇ. ಇದಕ್ಕೊಂದು ಕಟ್ಟುಪಾಡು ಇದೆ. ಊಟದ ಗಾಡಿ ಯಾವಾಗಲೂ ಎಲ್ಲರಿಗಿಂತ ಹಿಂದೆ ಬರಬೇಕು. ದಾರಿಯಲ್ಲಿ ಯಾರ ಗಾಡಿ ಕೆಟ್ಟು ನಿಂತರೂ ಊಟದವನು ಅವನ ಹತ್ತಿರ ಬಂದೇ ಬರ್ತಾನೆ. ಮುಂದೆ ಹೋದವರು ಹಸಿವಿಗಾದರೂ ಅವನಿಗೆ ಕಾಯ್ತಾರೆ. ಹಾಗಾಗಿ ಯಾರೂ ಬೆಟ್ಟದಲ್ಲಿ ಒಬ್ಬರೇ ಉಳಿಯಲ್ಲ.

ಆ ಏಪ್ರಿಲ್‌ನಲ್ಲಿ ಟೂರೆ ಹೊಸ ಗಾಡಿ ತಂದಿದ್ದ. ವಾಲ್‌ಫ್ರಿಡ್ ಸ್ಕೂಲಿನಿಂದಲೂ ಜೊತೆಯವನು, ಕಾಲೆಳೆಯೋದರಲ್ಲಿ ಎತ್ತಿದ ಕೈ. ಹೊರಡೋ ಮುಂಚೆ ಎಲ್ಲರೆದುರು ಕೇಳಿದ:

"ಇಷ್ಟೆಲ್ಲ ಸುರಿದು ಅಡುಗೆಮನೆ ತಂದ್ಯಲ್ಲೋ ಮಾರಾಯ, ಇದು ಓಡುತ್ತಾ ಇಲ್ಲ ಬರೀ ಬೇಯಿಸುತ್ತಾ?"

ಎಲ್ಲರೂ ನಕ್ಕರು. ಟೂರೆಗೆ ಚುರುಕ್ ಅಂತು. ಹೊರಟಿದ್ದೇ ತಡ, ಕಟ್ಟುಪಾಡು ಗಾಳಿಗೆ ತೂರಿ ಎಲ್ಲರನ್ನೂ ಹಿಂದೆ ಹಾಕಿಬಿಟ್ಟ. ಕೊನೆಗೆ ಉಳಿದದ್ದು ವಾಲ್‌ಫ್ರಿಡ್‌ನ ಆ ಹಳೇ ಗಾಡಿ. ಅದರ ಹಿಂದೆ ಯಾರೂ ಇರಲಿಲ್ಲ.

ತಂಗುಮನೆಯಲ್ಲಿ ಮಿಕ್ಕವರು, ಅವನು ಬರಲಿ, ಕಾಯೋಣ ಅಂದರು. ಟೂರೆ ಕೇಳಲಿಲ್ಲ, ಪೆಟ್ಟಿಗೆ ತೆಗೆದು ಹಂಚಿದ. ಅಷ್ಟಕ್ಕೇ ನಿಂತಿದ್ದರೆ ಬೇರೆ ಮಾತು. ವಾಲ್‌ಫ್ರಿಡ್‌ನ ಪೊಟ್ಟಣವನ್ನೂ ಬಿಚ್ಚಿದ. ತಡವಾಗಿ ಬಂದವನಿಗೆ ಫಾಯಿಲ್ ನೆಕ್ಕೋಕೆ ಕೊಡೋಣ ಅಂತ ನಗ್ತಾ ನಗ್ತಾ ಅದನ್ನೂ ತಿಂದ. ಪೂರ್ತಿ ತಿಂದ. ಬಾಯೊರೆಸಿಕೊಂಡು ಬಾಗಿಲಲ್ಲಿ ನಿಂತು ಕಾದ, ಅವನ ಪೆಚ್ಚುಮೋರೆ ನೋಡೋಣ ಅಂತ. ಅವನು ಬರಲಿಲ್ಲ.

ಹುಡುಕಿಕೊಂಡು ವಾಪಸ್ ಹೋದಾಗ, ಹಳ್ಳ ಕೆರೆಗೆ ಸೇರೋ ಕಡೆ, ಮಂಜುಗಡ್ಡೆ ತೆಳುವಾಗಿರೋ ಜಾಗದಲ್ಲಿ, ಕಪ್ಪು ನೀರು ಕಂಡಿತು. ಅಂಚಿನ ತುಂಬ ಉಗುರಿನ ಗೀರು. ಮೇಲೆ ಹತ್ತೋಕೆ ತುಂಬ ಹೊತ್ತು ಒದ್ದಾಡಿದ್ದ. ಆಗಲೂ ಟೂರೆಯ ಬಾಯಲ್ಲಿ ಈರುಳ್ಳಿಯ ರುಚಿ ಇತ್ತು.

ಜೊತೆಯವರು ಒಳ್ಳೆಯವರು. ಪೊಟ್ಟಣದ ವಿಷಯ ಎಲ್ವಿಗೆ ಹೇಳಲಿಲ್ಲ. ಟೂರೆಯೂ ಹೇಳಲಿಲ್ಲ. ಮಣ್ಣು ಮಾಡಿದ ದಿನ ಚರ್ಚಿನ ಹಿಂದಿನ ಬೆಂಚಲ್ಲಿ ಕೂತು ಎದ್ದು ಬಂದವನು, ಆಮೇಲೆ ಅವಳ ಮನೆ ಮೆಟ್ಟಿಲು ಹತ್ತಿರಲಿಲ್ಲ. ಅಂಗಡಿಯಲ್ಲಿ ಅವಳು ಕಂಡರೆ ಬ್ರೆಡ್ಡಿನ ಸಾಲಿನ ಹಿಂದೆ ಸರಿದು ನಿಲ್ಲೋನು.

ಬಾವಿಯ ಹತ್ತಿರ ಆ ದನಿ ಕೇಳಿದ ಮಾರನೇ ದಿನ ಹೋದ. ಎಲ್ವಿ ಯಾಕೆ ಬಂದೆ ಅಂತ ಕೇಳಲಿಲ್ಲ. ನಮ್ಮ ಕಡೆಯ ರೂಢಿಯಂತೆ ಕಾಫಿಗೆ ಚೀಸಿನ ತುಂಡು ಹಾಕಿ ಮುಂದಿಟ್ಟಳು. ಟೂರೆ ಲೋಟ ಮುಟ್ಟದೆ, ತಲೆ ಎತ್ತದೆ, ಎಲ್ಲ ಹೇಳಿದ. ಮುಂದೆ ಓಡಿದ್ದು. ತಿಂದಿದ್ದು. ಕೆರೆಯ ಮೇಲೆ ಕೇಳಿಸಿದ್ದು. ಎಲ್ವಿ ಎದ್ದು ಒಲೆಗೆ ಒಂದು ಕೊರಡು ಹಾಕಿದಳು. ಒಲೆಯಲ್ಲಿ ಸೌದೆ ಚಟ್... ಚಟ್... ಅಂತಿತ್ತು.

"ಅದನ್ನ ಕಟ್ಟಿಕೊಟ್ಟಿದ್ದು ನಾನು," ಅಂದಳು. "ಹೇಗಿತ್ತು?"

ಟೂರೆ ಮೇಜಿನ ಅಂಚು ಹಿಡಿದುಕೊಂಡ.

"ಹೇಳು. ಅವತ್ತು ಉಪ್ಪು ಹಾಕಿದ್ನೋ ಇಲ್ವೋ ಅಂತ ನಂಗೆ ಅನುಮಾನ. ಕೇಳೋಕೆ ಅವನು ಬರ್ಲಿಲ್ಲ."

"ಚೆನ್ನಾಗಿತ್ತು," ಅಂದ ಟೂರೆ. "ಉಪ್ಪು ಸರಿಯಾಗಿತ್ತು." ಅಷ್ಟು ಹೇಳಿ ಮಗುವಿನ ಹಾಗೆ ಅತ್ತುಬಿಟ್ಟ.

ಎಲ್ವಿ ಸಮಾಧಾನ ಮಾಡಲಿಲ್ಲ. ಕಿಟಕಿ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದಳು.

"ಅವನ ಗಾಡಿ ನಿಂಗೆ ಕೇಳಿಸ್ತಾ, ನಿಜವಾಗ್ಲೂ? ನಾನು ದಿನಾ ಕಿವಿ ಇಟ್ಟು ಕೂರ್ತೀನಿ ಕಣೋ. ನಂಗೆ ಒಂದ್ಸಲಾನೂ ಕೇಳಿಸ್ಲಿಲ್ಲ."

ಹಬ್ಬ ಕಳೆದ ಮೇಲೆ ಬೋರ್ಯೆ, ಅಂದ್ರೆ ನನ್ನ ಹೆಂಡತಿಯ ಅಣ್ಣ, ಒಂದಿಬ್ಬರನ್ನು ಕೂಡಿಸಿಕೊಂಡು ಬೆಟ್ಟಕ್ಕೆ ಹೊರಟ. ಟೂರೆಯೂ ಬರ್ತೀನಿ ಅಂದಾಗ, ಸದ್ಯ, ತಣ್ಣನೆ ಬ್ರೆಡ್ ಕಚ್ಚೋದು ತಪ್ಪಿತು ಅಂತ ತಮಾಷೆ ಮಾಡಿದ. ಹೊರಡೋ ಹೊತ್ತಿಗೆ ಎಲ್ವಿ ಬಂದಳು. ಶಾಲಿನ ಒಳಗಿಂದ ಒಂದು ಪೊಟ್ಟಣ ತೆಗೆದು ಟೂರೆಯ ಕೈಗಿಟ್ಟಳು. "ಎಲ್ಲರಿಗಿಂತ ಹಿಂದೆ ಹೋಗು," ಅಂದಳು ಅಷ್ಟೇ.

ಟೂರೆ ಹಿಂದೆಯೇ ಹೋದ. ಬೋರ್ಯೆಯ ಗಾಡಿಯ ಕೆಂಪು ದೀಪ ಮುಂದೆ ಚುಕ್ಕಿಯಾಗಿ ಕಾಣ್ತಿತ್ತು. ನಡುದಾರಿಯಲ್ಲಿ ಇಳಿದು, ಎಂಜಿನ್ ನಿಲ್ಲಿಸಿ, ಪೊಟ್ಟಣ ಒಂದೊಂದೇ ಮಗುಚಿದ. ಎಲ್ವಿಯದು ಕೈಗೆತ್ತಿಕೊಂಡಾಗ...

ಟಕ್... ಟಕ್-ಟಕ್... ಟಕ್.

ಎಲ್ಲರಿಗಿಂತ ಹಿಂದೆ ಇದ್ದವನು ಅವನು. ಅವನ ಹಿಂದೆ ಇನ್ನೊಬ್ಬ ಇರೋ ಹಾಗಿರಲಿಲ್ಲ. ಮೈಯೆಲ್ಲ ಓಡು ಓಡು ಅಂತಿತ್ತು. ಒಂದ್ಸಲ ವಾಲ್‌ಫ್ರಿಡ್‌ನನ್ನು ಬಿಟ್ಟು ಓಡಿದ್ದಾಗಿದೆ, ಬಾವಿಯ ಹತ್ತಿರ ಎರಡನೇ ಸಲ ಓಡಿದ್ದೂ ಆಗಿದೆ ಅಂತ ಹಲ್ಲು ಕಚ್ಚಿ ನಿಂತ. ಗಾಡಿಯನ್ನು ದಾರಿಯಿಂದ ಪಕ್ಕಕ್ಕೆ ಎಳೆದ. ಕಣ್ಣು ಮುಚ್ಚಿಕೊಂಡ. ಸದ್ದು ಬಂತು... ಕೆನ್ನೆಗೆ ತಣ್ಣನೆ ಗಾಳಿ ಬಡಿಯಿತು... ಸುಟ್ಟ ಆಯಿಲ್ ವಾಸನೆ... ದಾಟಿ ಮುಂದೆ ಹೋಯಿತು. ಕಣ್ಣು ಬಿಟ್ಟರೆ ಹಿಮದ ಮೇಲೆ ಹೊಸ ಗುರುತು ಒಂದೂ ಇಲ್ಲ.

ತಂಗುಮನೆಯಲ್ಲಿ ಟೂರೆ ಎಲ್ಲರ ಪೊಟ್ಟಣ ಕೊಟ್ಟು ಒಳಗೆ ಕಳಿಸಿದ. ತಾನು ಹೊರಗೆ ಮೆಟ್ಟಿಲ ಮೇಲೆ ಕೂತ. ಎಲ್ವಿಯ ಪೊಟ್ಟಣವನ್ನು ಎದುರಿಗೆ ಹಿಮದ ಮೇಲಿಟ್ಟ. ತನ್ನದನ್ನು ಬಿಚ್ಚಲಿಲ್ಲ. ರೆಪ್ಪೆ ಅಂಟಿಕೊಳ್ಳೋ ಚಳಿ. ಬೋರ್ಯೆ ಬಾಗಿಲು ತೆಗೆದು ಕರೆದ, ಮತ್ತೆ ಕರೆದ. ನೀವು ಊಟ ಮಾಡಿ, ನಾನು ಬರ್ತೀನಿ ಅಂದ ಟೂರೆ. ಒಳಗಿನವರ ಊಟ ಮುಗಿಯಿತು. ಒಬ್ಬನ ಗೊರಕೆಯೂ ಕೇಳಿಸಿತು. ಟೂರೆಯ ಕಾಲ್ಬೆರಳು ಮರಗಟ್ಟಿತ್ತು. ಆಗ ಬಂತು, ಪಕ್ಕದಿಂದಲೇ, ಮೆಟ್ಟಿಲ ಮೇಲೆ ಜೊತೆಯಲ್ಲಿ ಕೂತವರು ಕೇಳೋ ಹಾಗೆ...

"ಟೂರೆ... ಊಟ ಆಯ್ತಾ?"

ಟೂರೆಗೆ ತಲೆ ಎತ್ತೋಕೆ ಆಗಲಿಲ್ಲ. ಸತ್ತವನ ಮುಖ ಹೆದರಿಸುತ್ತೆ ಅಂತಲ್ಲ. ತನ್ನ ಮುಖ ಅವನಿಗೆ ತೋರಿಸೋಕೆ ನಾಚಿಕೆ.

"ಇಲ್ಲ ಕಣೋ," ಅಂದ. "ನೀನು ಬರ್ಲಿ ಅಂತ ಕೂತಿದ್ದೀನಿ."

ಮೆಟ್ಟಿಲ ಹಲಗೆ ಕಿರ್ರ್ ಅಂತು, ಯಾರೋ ಆರಾಮಾಗಿ ಹಿಂದಕ್ಕೆ ಒರಗಿದ ಹಾಗೆ. ಆಮೇಲೆ ಏನೂ ಇಲ್ಲ... ಬರೀ ಗಾಳಿ.

ಕೊನೆಗೆ ಬೋರ್ಯೆ ಸಿಟ್ಟಾಗಿ ಹೊರಗೆ ಬಂದ. ಈ ಹುಚ್ಚಾಟ ಸಾಕು, ಅದು ಕಲ್ಲಾಗಿರುತ್ತೆ, ಒಳಗೆ ಬಿಸಿ ಮಾಡೋಣ ಅಂತ ಬಗ್ಗಿ, ಬರಿಗೈಯಲ್ಲಿ ಆ ಪೊಟ್ಟಣ ಎತ್ತಿದ. ಹಾ ಅಂತ ಕೂಗಿ ಕೈಬಿಟ್ಟ. ಪೊಟ್ಟಣ ಈಗಷ್ಟೇ ಸೈಲೆನ್ಸರ್ ಮೇಲಿಂದ ತೆಗೆದ ಹಾಗೆ ಸುಡ್ತಿತ್ತು, ಅಂಗೈ ಬೆಂದುಹೋಗಿತ್ತು.

ಇದನ್ನ ಟೂರೆ ಹೇಳಿದ್ದಿದ್ದರೆ ನಾನೂ ನಂಬ್ತಿರಲಿಲ್ಲ. ಬೋರ್ಯೆ ಹಾಗಲ್ಲ, ಗಣಿಯಲ್ಲಿ ಕೆಲಸ ಮಾಡೋ ಆಳು, ದೆವ್ವ ಅಂದ್ರೆ ಉಗಿಯೋ ಮನುಷ್ಯ. ಅವನ ಅಂಗೈಯ ಬೊಬ್ಬೆಗೆ ಮುಲಾಮು ಹಚ್ಚಿದ್ದು ನನ್ನ ಹೆಂಡತಿ, ನಮ್ಮ ಮನೆಯ ಇದೇ ಮೇಜಿನ ಹತ್ತಿರ. ಮಾರನೇ ದಿನ ನಾನೇ ಬೆಟ್ಟಕ್ಕೆ ಹೋದೆ. ಜೋರು ಗಾಳಿ ಬೀಸಿರಲಿಲ್ಲ, ಹೊಸ ಹಿಮ ಬಿದ್ದಿರಲಿಲ್ಲ. ಪೊಟ್ಟಣ ಇಟ್ಟಿದ್ದ ಜಾಗ ಮೆಟ್ಟಿಲ ಎದುರಿಗೇ ಇತ್ತು, ಅಚ್ಚು ಒತ್ತಿದ ಹಾಗೆ. ಬೆರಳು ಹಾಕಿ ನೋಡಿದೆ. ಒಣ ಹಿಮ. ಒಂದು ಹನಿ ಕರಗಿರಲಿಲ್ಲ.