ಅತ್ತೆಯ ಕೆನ್ನೆ, ನನ್ನ ಕೈರುಚಿ

ಮಾನ್ಯ ಅಧ್ಯಕ್ಷರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಬಡಾವಣೆಯ ಚಿಕಿತ್ಸಾಲಯದ ಡಾಕ್ಟರಮ್ಮನವರೇ, ಅವರಿಂದ ಒಂದಲ್ಲ ಒಂದು ದಿನ ಬೈಸಿಕೊಂಡಿರುವ ಸಕಲ ಸಭಿಕರೇ,

ನಾನು ಬಟ್ಟೆ ಹೊಲಿಯುವವಳು. ಬಟ್ಟೆ ಕತ್ತರಿಸಿದಷ್ಟು ಸುಲಭವಾಗಿ ಮಾತು ಕತ್ತರಿಸಲು ನನಗೆ ಬಾರದು, ಕ್ಷಮಿಸಬೇಕು. ಡಾಕ್ಟರಮ್ಮನವರ ಗುಣಗಾನ ಆಗಲೇ ಆಗಿದೆ. ನಾನು ನಮ್ಮ ಅತ್ತೆಯ ಕಥೆ ಹೇಳುತ್ತೇನೆ. ಅವರ ಅಪ್ಪಣೆ ಪಡೆದೇ ಬಂದಿದ್ದೇನೆ. "ಹೇಳು, ಆದ್ರೆ ಉಪ್ಪುಖಾರ ಹಚ್ಚಬೇಡ" ಅಂದಿದ್ದಾರೆ.

ನಮ್ಮ ಅತ್ತೆ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವರು. ನಿವೃತ್ತರಾದ ಮೇಲೆ ತಪಾಸಣೆ ಮನೆಗೆ ವರ್ಗವಾಯಿತು. ನನ್ನ ಅಡುಗೆಯನ್ನು ಅವರು ಟಿಕೆಟ್ ಇಲ್ಲದ ಪ್ರಯಾಣಿಕನನ್ನು ನೋಡುವಂತೆ ನೋಡುತ್ತಿದ್ದರು. ಮದುವೆಯಾದಂದಿನಿಂದ ಒಂದು ಒಳ್ಳೆಯ ಮಾತು? ಊಹೂಂ.

ಹೀಗಿರಲು ಅವರಿಗೆ ಮಂಡಿನೋವು ಶುರುವಾಯಿತು. ಪಕ್ಕದ ಮನೆಯ ಅಂಚೆಯಕ್ಕ ನಿಮಗೆಲ್ಲ ಗೊತ್ತು. ಹಿಂದೆ ಕಾಗದ ಹಂಚುತ್ತಿದ್ದರು, ಈಗ ಸಲಹೆ ಹಂಚುತ್ತಾರೆ. ತಮಗೆ ಯಾವ ಕಾಲದಲ್ಲೋ ಯಾರೋ ಡಾಕ್ಟರು ಬರೆದುಕೊಟ್ಟಿದ್ದ ಪುಟ್ಟ ಬಿಳಿ ಮಾತ್ರೆಯ ಹೆಸರು ಹೇಳಿ, "ತಗೊಳ್ಳಿ ಅಕ್ಕ, ಕುಣೀತೀರ!" ಅಂದರು. ಔಷಧಿ ಅಂಗಡಿಯವನು ಚೀಟಿ ಕೇಳಲಿಲ್ಲ. ಅತ್ತೆ ನಮಗೆ ಹೇಳಲಿಲ್ಲ.

ನೋವು ಮಾಯವಾಯಿತು. ಹಸಿವು ಬಂತು, ಎಂಥ ಹಸಿವು! "ಇನ್ನೊಂಚೂರು ಹಾಕು, ಚೆನ್ನಾಗಿದೆ" ಅಂದರು. ಸಭಿಕರೇ, ನಾನು ಅಡುಗೆಮನೆಯ ಬಾಗಿಲ ಹಿಂದೆ ಹೋಗಿ ಅತ್ತುಬಿಟ್ಟೆ. ಅತ್ತೆಯ ಕೆನ್ನೆ ತುಂಬಿತು, ಮುಖ ಹುಣ್ಣಿಮೆಯ ಚಂದ್ರನಾಯಿತು. ಅಳತೆ ಕೊಡಲು ಬಂದವರಿಗೆಲ್ಲ, "ನಮ್ಮತ್ತೆ ಮುಖ ನೋಡಿದ್ರಾ? ಎಲ್ಲಾ ನನ್ನ ಕೈರುಚಿ!" ಎಂದು ಹೇಳಿದ್ದೇ ಹೇಳಿದ್ದು. ಅವರ ಅಂಗಿಗಳ ಸೊಂಟದ ಹೊಲಿಗೆಯನ್ನು ಹಾಡು ಗುನುಗುತ್ತಾ ಬಿಚ್ಚಿ ಅಗಲ ಮಾಡಿದೆ. ಹೊಟ್ಟೆ ಬೆಳೆಯುತ್ತಿದೆ, ತೋಳು ಮಾತ್ರ ಸೊರಗುತ್ತಿದೆ, ಇದೇಕೆ? ಮುಟ್ಟಿದಲ್ಲೆಲ್ಲ ಚರ್ಮ ಕಂದುತ್ತಿದೆ, ಇದೇಕೆ? ನಿದ್ದೆಯಿಲ್ಲ, ಮಾತೆತ್ತಿದರೆ ಜಗಳ, ಇದೇಕೆ? ಹೊಗಳಿಸಿಕೊಳ್ಳುವವರಿಗೆ ಇಂಥ ಪ್ರಶ್ನೆ ಹೊಳೆಯುತ್ತದೆಯೇ?

ಕೊನೆಗೆ ಬಾಯಾರಿಕೆ ಹೆಚ್ಚಿತೆಂದು ಈ ಡಾಕ್ಟರಮ್ಮನವರ ಹತ್ತಿರ ಕರೆತಂದೆ. ರಕ್ತ ಪರೀಕ್ಷೆ ಮಾಡಿಸಿ, "ಯಾವ ಮಾತ್ರೆ ತಗೋತಿದ್ದೀರಿ?" ಎಂದರು.

"ಮಾತ್ರೆ ಏನಿಲ್ಲ ಡಾಕ್ಟ್ರೇ, ಎಲ್ಲಾ ನನ್ನ ಅಡುಗೆ" ಎಂದೆ ನಾನು, ನಾಚಿಕೊಂಡು.

"ಅಡುಗೆ ತಿಂದು ಚರ್ಮ ಹೀಗೆ ತೆಳ್ಳಗಾಗಲ್ಲ. ಚೀಲ ತೋರಿಸಿ."

ಜೀವನವಿಡೀ ಊರವರನ್ನು ತಪಾಸಣೆ ಮಾಡಿದ ನಮ್ಮ ಅತ್ತೆ ಅಂದು ಸಿಕ್ಕಿಬಿದ್ದರು! ಚೀಲದಿಂದ ಮಾತ್ರೆ ಹೊರಬಂತು.

"ಇದು ಸ್ಟೀರಾಯ್ಡ್. ಸಕ್ಕರೆ ಏರಿದೆ, ಬಿಪಿ ಏರಿದೆ. ಹೀಗೇ ನುಂಗ್ತಾ ಹೋದ್ರೆ ಮೂಳೆನೂ ಟೊಳ್ಳಾಗುತ್ತೆ. ಆದ್ರೆ ದಿಢೀರಂತ ಬಿಡಬೇಡಿ. ನಾನು ಹೇಳಿದ ಹಾಗೆ ನಿಧಾನಕ್ಕೆ ಕಮ್ಮಿ ಮಾಡೋಣ."

ಅತ್ತೆಗೆ ಕೇಳಿಸಿದ್ದು ಮೊದಲರ್ಧ ಮಾತ್ರ. ಮನೆಗೆ ಬಂದವರೇ "ಥೂ, ವಿಷ!" ಎಂದು ಎಲ್ಲವನ್ನೂ ಗುಟ್ಟಾಗಿ ಕಸಕ್ಕೆ ಹಾಕಿದರು. ಕೆಲವೇ ದಿನಗಳಲ್ಲಿ ವಾಂತಿ, ಸುಸ್ತು. ಒಂದು ಬೆಳಿಗ್ಗೆ ಹೊಲಿಗೆ ಯಂತ್ರದ ಪಕ್ಕದಲ್ಲೇ ಕುಸಿದರು. ಕೈ ತಣ್ಣಗಿತ್ತು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಅತ್ತೇ, ಬೈರಿ! ಏನಾದ್ರೂ ಬೈರಿ!" ಎಂದು ಕೂಗಿದೆ. ಅವರು ಬೈಯಲಿಲ್ಲ. ಅಷ್ಟು ಭಯ ನನಗೆ ಎಂದೂ ಆಗಿರಲಿಲ್ಲ.

ಡಾಕ್ಟರಮ್ಮ ಓಡಿಬಂದು ಸೂಜಿ ಹಾಕಿದರು, ದೊಡ್ಡಾಸ್ಪತ್ರೆಗೆ ಜೊತೆಯಲ್ಲೇ ಬಂದರು. ಅತ್ತೆ ಚೇತರಿಸಿಕೊಂಡ ಮೇಲೆ ಡಾಕ್ಟರಮ್ಮ ಬೈದ ಬೈಗುಳ ನನಗೆ ಬಾಯಿಪಾಠ: "ವಿಷ ಅಂದ್ರಲ್ಲ, ನಿಮ್ಮನ್ನ ಎಬ್ಬಿಸಿದ ಸೂಜಿಲಿದ್ದಿದ್ದೂ ಸ್ಟೀರಾಯ್ಡೇ! ಹೊರಗಿಂದ ಬರ್ತಿದ್ರೆ ದೇಹ ತನ್ನದನ್ನ ತಾನು ಮಾಡೋದನ್ನೇ ಮರೆಯುತ್ತೆ. ಅದು ಮತ್ತೆ ಕಲಿಯೋಕೆ ಸಮಯ ಬೇಡ್ವಾ? ಕೇಳದೆ ತಗೊಂಡಿದ್ದು ತಪ್ಪು. ಹೇಳದೆ ಬಿಟ್ಟಿದ್ದು ಅದಕ್ಕಿಂತ ದೊಡ್ಡ ತಪ್ಪು!"

ಆಮೇಲೆ ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ ಅದೇ ಮಾತ್ರೆ. ಅದೂ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ. ಮಂಡಿಗೆ ವ್ಯಾಯಾಮ. ಯಾವ ವೈದ್ಯರ ಬಳಿ ಹೋದರೂ ಅತ್ತೆ ಈಗ ಹೆಸರಿಗಿಂತ ಮೊದಲು ಮಾತ್ರೆಯ ವಿಷಯ ಹೇಳುತ್ತಾರೆ. ನಮ್ಮ ಯಜಮಾನರು ಉಬ್ಬಸಕ್ಕೆ ಎಳೆದುಕೊಳ್ಳುವ ಔಷಧಿಯೂ ಅದೇ ಜಾತಿಯದಂತೆ, ಎಳೆದ ಮೇಲೆ ಬಾಯಿ ತೊಳೆಯದಿದ್ದರೆ ಹುಣ್ಣಾಗುತ್ತದಂತೆ. ಅತ್ತೆ ಬಚ್ಚಲ ಬಾಗಿಲಲ್ಲಿ ನಿಂತು, "ಬಾಯಿ ಮುಕ್ಕಳಿಸಿದ್ಯೇನೋ?" ಎಂದು ಕೇಳದೆ ಮಗನನ್ನು ಬಿಡುವುದಿಲ್ಲ. ಅಂಚೆಯಕ್ಕನನ್ನೂ ಕೈಹಿಡಿದು ಚಿಕಿತ್ಸಾಲಯಕ್ಕೆ ಎಳೆತಂದವರು ಅವರೇ.

ಮೊನ್ನೆ ತಡೆಯಲಾರದೆ ಕೇಳಿಬಿಟ್ಟೆ: "ಅತ್ತೆ, ಆಗ ಚೆನ್ನಾಗಿದೆ ಅಂತಿದ್ರಲ್ಲ, ಅದೆಲ್ಲ ಮಾತ್ರೆ ಆಡಿಸಿದ ಮಾತೇ?"

"ಹೂಂ ಕಣೆ. ನಿನ್ನ ಅಡುಗೆ ಸುಮಾರೇ" ಅಂದರು. ಆಮೇಲೆ ಅತ್ತ ತಿರುಗಿ, "ಆದ್ರೆ ಅವತ್ತು ನೀನು ಕೂಗಿದ್ದೆಲ್ಲ ನಂಗೆ ಕೇಳಿಸ್ತಿತ್ತು. ಬೈಯೋಕೆ ಮನಸ್ಸು ಬರಲಿಲ್ಲ" ಅಂದರು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಡಾಕ್ಟರಮ್ಮನವರೇ, ಅತ್ತೆಯನ್ನು ನನಗೆ ಉಳಿಸಿಕೊಟ್ಟಿರಿ, ಅವರ ನಾಲಿಗೆಯ ಸಮೇತ. ನಿಮಗೂ, ತಾಳ್ಮೆಯಿಂದ ಕೇಳಿದ ನಿಮ್ಮೆಲ್ಲರಿಗೂ ನನ್ನ ವಂದನೆ. ನಮಸ್ಕಾರ.