ತಂಗಿಯ ಕೌಂಟರ್

...ಬೇಡ ಅಂದೆನಲ್ಲ, ನನಗೆ ಟೀ ಬೇಡ! ಸಿಕ್ಕಿಬಿದ್ದೋರಿಗೆಲ್ಲ ಹೀಗೇ ಕುರ್ಚಿ ಹಾಕಿ ಟೀ ಕೊಡ್ತೀರಾ ನೀವು? ಒಡಹುಟ್ಟಿದ ಅಕ್ಕ ಕಣೇ ನಾನು. ಅಷ್ಟು ಜನರ ಎದುರಿಗೆ... ಹಡಗಲ್ಲಿ ಮೂರು ದಿನದಿಂದ ನಮ್ಮ ಪಕ್ಕದ ಮೇಜಿಗೇ ಊಟಕ್ಕೆ ಕೂರ್ತಿದ್ದ ಆ ದಪ್ಪ ಹೆಂಗಸು ಕೂಡ ಕತ್ತು ಉದ್ದ ಮಾಡ್ಕೊಂಡು ನೋಡಿದಳು. ನನ್ನ ಪಾಸ್‌ಪೋರ್ಟು, ಮೊಮ್ಮಗಳ ಪಾಸ್‌ಪೋರ್ಟು, ಅವಳ ಅಮ್ಮನ ಒಪ್ಪಿಗೆ ಕಾಗದ... ಮೂರನ್ನೂ ತೆಗೆದು ಪಕ್ಕದ ಕೌಂಟರಿಗೆ ತಳ್ಳಿಬಿಟ್ಟೆ ನೀನು. ತೆರೆದೂ ನೋಡಲಿಲ್ಲ. "ಬಾ ಅಕ್ಕ" ಅಂತ ಒಂದೇ ಮಾತು. ಆಮೇಲೆ ಈ ರೂಮು.

ಯಾಕೆ ನಗ್ತೀಯ? ನಗು ಬೇರೆ ಬರುತ್ತಾ ನಿನಗೆ?

ಎಂಟು ಕೌಂಟರ್ ಇದ್ವು ಅಲ್ಲಿ. ಎಂಟು! ಆ ತುದೀದರಲ್ಲಿ ಬರೀ ಐದು ಜನ. ನಾನು ಬಂದು ನಿಂತದ್ದು ನಿನ್ನ ಸಾಲಲ್ಲಿ, ಮೂವತ್ತು ಜನರ ಹಿಂದೆ. ಮಗು ಕಾಲು ನೋವು ಅಂತ ಸೂಟ್‌ಕೇಸ್ ಮೇಲೆ ಕೂತಳು, ಆದರೂ ಸಾಲು ಬಿಡಲಿಲ್ಲ. ಯಾಕೆ ಹೇಳು? ನನ್ನ ತಂಗಿ ಅಂತ. ನನ್ನ ತಂಗಿ ಕಣ್ಣು ಮುಚ್ಚಿ ಸೀಲು ಹೊಡೀತಾಳೆ ಅಂತ...

ಅಲ್ಲ, ಕಣ್ಣು ಮುಚ್ಚಿ ಅಂದ್ರೆ... ಮಾತಿಗೆ ಅಂದೆ. ಅದಕ್ಕೆ ಯಾಕೆ ಹಾಗೆ ಹುಬ್ಬು ಏರಿಸ್ತೀಯ?

ನೀನೇ ತಾನೇ ಹೇಳ್ತಿದ್ದದ್ದು? ಊರಿಗೆ ಬಂದಾಗಲೆಲ್ಲ ಇದೇ ಪುರಾಣ ನಿಂದು. ಹಡಗು ನಮ್ಮ ದೇಶದ ಬಂದರುಗಳಲ್ಲೇ ಸುತ್ತೋವರೆಗೂ ಯಾರೂ ಸೀಲು ಹೊಡೆಯಲ್ಲ, ಹೊರದೇಶಕ್ಕೆ ಹೊರಡೋ ಮುಂಚೆ ನಮ್ಮ ಬಂದರಲ್ಲೇ ಎಲ್ಲರೂ ಇಳಿದು ಮುಖ ತೋರಿಸಬೇಕು, ಕೂಸುಮರಿ ಕೂಡ ಬಿಡಲ್ಲ... ಹೌದು, ಹಾಗೇ ಆಯ್ತು. ಮೊದಲ ಎರಡು ಬಂದರಲ್ಲಿ ಹಡಗಿನ ಕಾರ್ಡು ತೋರಿಸಿದ್ವಿ, ಇಳಿದ್ವಿ, ಸುತ್ತಾಡಿದ್ವಿ, ಹತ್ತಿದ್ವಿ. ಕೇಳೋರೇ ಇಲ್ಲ. ಇವತ್ತೊಂದು ದಾಟಿದ್ರೆ ನಾಳೆ ಬೆಳಗ್ಗೆ ಮಗೂಗೆ ಅವಳ ಅಪ್ಪ ಸಿಗ್ತಾನೆ. ಇವತ್ತಿನ ಬಾಗಿಲಲ್ಲಿ ನೀನಿದ್ದೀಯ ಅಂತ ನಾನು ನಿಶ್ಚಿಂತೆಯಾಗಿದ್ದೆ ಕಣೇ! ವಿಮಾನದಲ್ಲಾದ್ರೆ ಯಾರೋ ಏನೋ...

ಆ ಪಕ್ಕದ ಕೌಂಟರಿನ ಕನ್ನಡಕದೋನು ಮಗೂನ ಏನು ಕೇಳ್ತಿದಾನೆ? ಅಲ್ಲಿ, ಗಾಜಿನಾಚೆ. ನೋಡು, ನಗಿಸ್ತಿದಾನೆ. ನಗಿಸಿ ನಗಿಸಿ ಬಾಯಿ ಬಿಡಿಸೋದಾ? ಏಳು ವರ್ಷದ ಕೂಸು ಅದು! ಅವಳಿಗೇನು ಗೊತ್ತು? ಅವಳಿಗೆ ನಾನು ಏನೂ ಹೇಳಿಲ್ಲ.

ಆ ಟೀ ಲೋಟ ನನ್ನ ಕಡೆ ತಳ್ಳಬೇಡ.

ನಿನ್ನ ಈ ಕೆಲಸದ ಸಂದರ್ಶನದ ದಿನ ನೆನಪಿದೆಯಾ? ನಿನ್ನ ಚಪ್ಪಲಿ ಬಾರು ಕಿತ್ತು ಹೋಯ್ತು, ಬಸ್‌ಸ್ಟಾಪಲ್ಲೇ. ನನ್ನದು ಬಿಚ್ಚಿ ಕೊಟ್ಟೆ. ಎರಡು ಅಂಗುಲ ದೊಡ್ಡದು, ಪಟಪಟ ಅಂತ ಸದ್ದು ಮಾಡ್ಕೊಂಡು ಹೋದೆ ನೀನು. ನಾನು ಬರಿಗಾಲಲ್ಲಿ ಮನೆಗೆ ಬಂದೆ, ಆ ಬಿಸಿಲಲ್ಲಿ. ಒಂದು ದಿನ ಆಡಿ ತೋರಿಸಿದ್ದೀನಾ? ಇವತ್ತು ಆಡ್ತೀನಿ. ಆ ಚಪ್ಪಲಿ ಮೆಟ್ಟಿಕೊಂಡು ಹೋಗಿ ಹಿಡಿದ ಕುರ್ಚೀಲಿ ಕೂತು ನನ್ನ ಕತ್ತು ಕುಯ್ದೆಯಲ್ಲೇ...

ಆಯ್ತು. ಆಯ್ತು, ಆಮೇಲಾದ್ರೂ ನೋಡಿಬಿಟ್ಟಿದ್ದೀಯ, ಗೊತ್ತಾಗಿದೆ ನಿನಗೆ. ಹಾಗೆ ದಿಟ್ಟಿಸಬೇಡ. ಸಹಿ ಅವಳದೇ. ನನ್ನ ಸೊಸೆದೇ. ಇಲ್ಲ ಅನ್ನು ನೋಡೋಣ? ಎರಡನೇ ಹಾಳೇಲಿ ಇರೋದು ಅವಳೇ ಮಾಡಿದ ಸಹಿ. ಮೊದಲನೇ ಹಾಳೆ ಮಾತ್ರ... ಮೊದಲನೇ ಹಾಳೆ ನಾನು ಬೇರೆ ಟೈಪ್ ಮಾಡಿಸಿದೆ. ಅಷ್ಟೇ. ಅವಳು ಬರೆದಿದ್ದದ್ದು ಇದೇ ಬಂದರಿನವರೆಗೆ ಅಂತ. ಇಲ್ಲಿ ಇಳಿದು ರೈಲಲ್ಲಿ ವಾಪಸ್ಸು ಅಂತ. ಅದರ ಬದಲು ಮುಂದಿನ ಬಂದರಿಗೂ ಒಪ್ಪಿಗೆ ಇದೆ ಅಂತ ಒಂದು ಸಾಲು ಸೇರಿಸಿದೆ. ಒಂದು ಸಾಲು! ಒಂದು ಸಾಲಿಗೆ ಇಷ್ಟು ರಂಪಾನಾ?

ನಿನಗೆ ಫೋನಲ್ಲಿ ಹೇಳಿದ್ದಾ? ಸೊಸೆ ಒಪ್ಪಿದಾಳೆ, ಮಗು ಒಂದು ಮಧ್ಯಾಹ್ನ ಅಪ್ಪನ ಮುಖ ನೋಡಿ ಅದೇ ಹಡಗಲ್ಲಿ ವಾಪಸ್ಸು ಬರ್ತಾಳೆ ಅಂತ... ಹೌದು, ಹೇಳಿದೆ. ನೀನು ಖುಷಿಯಿಂದ ಅತ್ತೂಬಿಟ್ಟೆ ಅವತ್ತು. ಅದೆಲ್ಲ ಈಗ ಯಾಕೆ?

ನಾನು ವಾಪಸ್ಸು ಬರ್ತೀನಿ. ನನ್ನ ಟಿಕೆಟ್ಟು ಹೋಗೋಕೂ ಇದೆ, ಬರೋಕೂ ಇದೆ. ಮಗೂದು... ಮಗೂದು ಹೋಗೋಕೆ ಮಾತ್ರ.

ಏನು ಮಾಡಲಿ ಹೇಳು ಮತ್ತೆ! ನನ್ನ ಮಗ ಆಚೆ ದೇಶದ ಬಂದರಲ್ಲಿ ಕ್ರೇನ್ ಮೇಲೆ ಕೂತು ಹತ್ತು ಗಂಟೆ ಪೆಟ್ಟಿಗೆ ಎತ್ತಿ ಇಳಿಸ್ತಾನೆ. ಎರಡು ವರ್ಷ ಆಯ್ತು ಮಗಳನ್ನ ಮುಟ್ಟಿ. ಗಂಡ ಹೆಂಡತಿ ಬೇರೆಯಾದ್ರು, ಸರಿ, ಮಗು ತಾಯಿಯ ಹತ್ತಿರ ಇರಲಿ ಅಂತ ಕೋರ್ಟು ಹೇಳಿತು, ಅದೂ ಸರಿ. ಅವನ ಕರುಳು ಕರುಳಲ್ವಾ? ಪ್ರತಿ ಭಾನುವಾರ ಫೋನಲ್ಲಿ, "ಅಮ್ಮಾ, ಹೇಗಾದರೂ ಕರ್ಕೊಂಡು ಬಾ, ಒಂದು ಸಲ ನನ್ನ ಹತ್ತಿರ ಬಂದುಬಿಟ್ಟರೆ ಆಮೇಲೆ ನಾನು ನೋಡ್ಕೋತೀನಿ..." ಅವನ ಅಳು ಕೇಳಿ ಕೇಳಿ ನಾನು ಅರ್ಧ ಆದೆ. ನೀನು ಕೇಳಿದ್ದೀಯಾ? ಇಲ್ಲ. ನಿನಗೇನು, ಸೀಲು ಹೊಡೆಯೋದು, ಹಲ್ಲು ಕಿರಿಯೋದು, ಮುಂದಿನೋರು ಬನ್ನಿ ಅನ್ನೋದು!

ಅಳ್ತಿದ್ದೀಯಾ? ...ಯಾಕೆ? ಹಿಡಿದುಕೊಟ್ಟೋಳು ನೀನು, ಅಳೋದೂ ನೀನೇನಾ?

ಬಂದ. ಕನ್ನಡಕದೋನು ಬಂದ. ಬನ್ನಿ ಸಾಹೇಬ್ರೇ, ಬನ್ನಿ. ಕೈಗೆ ಕೋಳ ಹಾಕ್ತೀರಾ? ಹಾಕಿ...

ಏನು? ...ಏನಂದ್ರಿ?

ಆಯ್ತಾ? ಎರಡಕ್ಕೂ... ಎರಡಕ್ಕೂ ಸೀಲು ಹೊಡೆದಾಯ್ತಾ?

ಹಾಂ. ಹೌದು, ಇವಳು ನನ್ನ ತಂಗಿ. ...ಸ್ವಂತದೋರ ಪಾಸ್‌ಪೋರ್ಟಿಗೆ ಕೈ ಹಾಕೋ ಹಾಗಿಲ್ವಾ ನಿಮ್ಮಲ್ಲಿ? ಯಾರು ಬಂದರೂ ಪಕ್ಕದೋರಿಗೇ ಕೊಡಬೇಕಾ? ...ಓ. ಅದು ನಿಮ್ಮ ಪದ್ಧತಿ. ...ಇಲ್ಲ, ನನಗೆ ಗೊತ್ತಿರಲಿಲ್ಲ. ಯಾರೂ ಹೇಳಲಿಲ್ಲ ನನಗೆ. ...ತುಂಬ ಹೊತ್ತು ನಿಂತಿದ್ದಳು, ಸುಸ್ತಾಗಿರುತ್ತೆ, ಅಕ್ಕನಿಗೆ ಒಂದು ಟೀ ತರಿಸಿ ಅಂತ... ಇವಳು ಅಂದಳಾ? ...ಹೋಗಿ ಬನ್ನಿ ಸಾಹೇಬ್ರೇ. ಮಗು ಅಲ್ಲೇ ಆಡ್ಕೊಂಡಿರಲಿ, ಒಂದು ನಿಮಿಷ.

...

ನಿನಗೆ ಗೊತ್ತಿರಲಿಲ್ವಾ?

ಆ ಕಾಗದ ನೀನು ಓದೇ ಇರಲಿಲ್ವಾ? ಏನೂ ಅನುಮಾನ... ಒಂದು ಚೂರೂ...

ಹಾಗಾದ್ರೆ ನಾನೇ... ಅಯ್ಯೋ. ನಾನೇ ಹೇಳಿಬಿಟ್ಟೆನಾ?

ಮರೆತುಬಿಡು. ಕೇಳಿಸ್ಕೊಂಡೇ ಇಲ್ಲ ಅಂದ್ಕೋ ಕಣೇ, ನಿನ್ನ ಕಾಲಿಗೆ ಬೀಳ್ತೀನಿ. ಸೀಲು ಬಿದ್ದಾಗಿದೆ, ನಾಲ್ಕು ಗಂಟೆಗೆ ಹಡಗು ಬಿಡುತ್ತೆ, ನೀನು ನಿನ್ನ ಕೌಂಟರಿಗೆ ಹೋಗು, ನಾವು ನಮ್ಮ ದಾರಿ... ಅದನ್ನ ಯಾಕೆ ತಗೊಂಡೆ? ಮಗು ಪಾಸ್‌ಪೋರ್ಟು ಕೊಡು. ಕೊಡು ಇಲ್ಲಿ! ...ಬೈದಾದರೂ ಬಿಡೇ. ಒಂದು ಏಟು ಹಾಕು.

ಗೊತ್ತು. ನಾಳೆ ಸಂಜೆ ಸೊಸೆ ಮಗೂನ ಕರ್ಕೊಳ್ಳೋಕೆ ರೈಲ್ವೆ ಸ್ಟೇಷನ್ನಿಗೆ ಬರ್ತಾಳೆ ಅಂತ ಗೊತ್ತು ನನಗೆ. ರಜೆ ಹಾಕಿದಾಳೆ. ಎಲ್ಲರೂ ಇಳಿದು ಹೋದ ಮೇಲೂ ಅವಳು ಪ್ಲಾಟ್‌ಫಾರಂ ಮೇಲೆ ನಿಂತೇ ಇರ್ತಾಳೆ ಅಂತಾನೂ ಗೊತ್ತು. ಆ ಯೋಚನೆ ಬಂದಾಗಲೆಲ್ಲ ಮಗನ ಅಳು ನೆನಪು ಮಾಡ್ಕೊತಿದ್ದೆ. ಕೋರ್ಟು ಹೇಳದಿದ್ದರೂ ಅವಳು ಪ್ರತಿ ಶನಿವಾರ ಮಗೂನ ನನ್ನ ಮನೆಗೆ ತಾನೇ ಬಿಟ್ಟು ಹೋಗ್ತಿದ್ದಳು ಕಣೇ. "ಅತ್ತೆ, ನಿಮಗೆ ಅವಳಿಲ್ಲದೆ ಆಗಲ್ಲ" ಅಂತ. ಅಂಥೋಳಿಗೆ ನಾನು...

ಏನಿದು? ಫೋನು ಯಾಕೆ ನನ್ನ ಮುಂದೆ ಹಿಡೀತೀಯ? ನೀನೇ ಹೇಳು. ನನ್ನಿಂದ ಆಗಲ್ಲ. ...ಆಗಲೇ ರಿಂಗ್ ಆಗ್ತಿದೆಯಾ? ನಿಲ್ಲಿಸೇ...

ಹಲೋ. ...ಹೂಂ ಕಣಮ್ಮ, ನಾನೇ. ಅತ್ತೆ. ...ಮಗು ಚೆನ್ನಾಗಿದಾಳೆ, ಇಲ್ಲೇ ಆಡ್ತಿದಾಳೆ. ...ಧ್ವನಿಯಾ? ಏನಿಲ್ಲ, ಸಮುದ್ರದ ಗಾಳಿ. ...ಒಂದು ವಿಷಯ ಹೇಳಬೇಕಿತ್ತು, ನೀನು... ಏನು? ...ಏನಂದೆ?

ನನ್ನ ಮಂಡಿ ನೋವು ಹೇಗಿದೆ ಅಂತ ಕೇಳ್ತಿದಾಳೆ ಕಣೇ.